ನಾಯಿಗೆ ಬೇಯಿಸಿದ ಬಾಡು

ಗುಂಡ್ಲುಪೇಟೆಯಾಚೆ ಘಟ್ಟದ ಮೇಲಿನ ಕಾಫಿ ತೋಟದ ದೊರೆ ತನ್ನ ದೇಶಕ್ಕೆ ಹೊರಟುನಿಂತಾಗ ಬೇಟೆನಾಯಿಗಳನ್ನೆಲ್ಲ ಅವರಿವರಿಗೆ ಹಂಚಿಬಿಟ್ಟ. ಉಳಿದದ್ದು ವಯಸ್ಸಾದ ಒಂದು ಹೆಣ್ಣುನಾಯಿ. ತೋಟದ ಕುದುರೆಗಳಿಗೆ ವರ್ಷವರ್ಷವೂ ಹುರುಳಿ ಹಾಕಿಸುತ್ತಿದ್ದ ಹರದನಹಳ್ಳಿಯ ಚಿಕ್ಕಮಲ್ಲಪ್ಪ ಅಂದು ಅಲ್ಲಿದ್ದ. ಯಾರೂ ಒಯ್ಯದಿದ್ದರೆ ದೊರೆ ಅದಕ್ಕೆ ಗುಂಡು ಹಾಕುತ್ತಾನೆಂದು ತಿಳಿದು, ಹಿಂದುಮುಂದು ನೋಡದೆ ಹಗ್ಗ ಹಿಡಿದುಕೊಂಡ. ಅದು ಐವತ್ತೆರಡನೆಯ ಇಸವಿ.

ನಾಯಿಗಳನ್ನು ನೋಡಿಕೊಳ್ಳುತ್ತಿದ್ದ ರಜಾಕ್ ಗುಂಡ್ಲುಪೇಟೆಯ ಬಸ್ಸಿನವರೆಗೂ ಜೊತೆಗೆ ಬಂದ.

"ಇದ್ರ ಮೈಗೆ ಕತ್ರಿ ಆಡಿಸ್ಬ್ಯಾಡಿ, ಮಲ್ಲಪ್ಪೋರೆ. ಸತ್ತ ಕೂದ್ಲ ಕೈಬೆಳ್ಳಲ್ಲೇ ಕೀಳ್ಬೇಕು. ಕಿವಿ ಒದ್ದೆ ಇದ್ರೆ ಕೊಳೀತದೆ. ಮತ್ತೆ, ಇದು ಬಾಡು ತಿಂದು ಬೆಳ್ದಿರೋದು. ನಿಮ್ಮನೇಲಿ ಎಂಗೋ ಏನೋ."

"ನಮ್ಮನೇಲಿ ಆಲು ಮೊಸ್ರಿಗೆ ಬರ ಇಲ್ಲ ಕಣಪ್ಪ," ಎಂದ ಚಿಕ್ಕಮಲ್ಲಪ್ಪ.

ದೊರೆ ಇಟ್ಟಿದ್ದ ಹೆಸರು ಬೆಲ್ಲಾ. ಊರವರ ಬಾಯಲ್ಲಿ ಅದು ಬೆಲ್ಲವಾಯಿತು. ತೆಂಗಿನ ನಾರಿನಂಥ ಒರಟು ಕೂದಲು, ಮುದುಕರ ಗಡ್ಡ, ಜೋಲುಗಿವಿ. ಮೂಗು ನೆಲಕ್ಕೆ ಹಚ್ಚಿತೆಂದರೆ ಬೆಳಗಿನ ಮೊಲದ ಜಾಡನ್ನು ಮಧ್ಯಾಹ್ನ ಹಿಡಿದು ಹುಣಿಸೆತೋಪಿನವರೆಗೂ ಹೋಗಿಬರುತ್ತಿತ್ತು. ಮೊಲ ಒಮ್ಮೆಯೂ ಸಿಗಲಿಲ್ಲ. ಅದರ ಚಿಂತೆಯೂ ಬೆಲ್ಲಕ್ಕಿದ್ದಂತೆ ಕಾಣಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಚಿಕ್ಕಮಲ್ಲಪ್ಪ ಮತ್ತು ತಾಯಿ ಶಾಂತಮಲ್ಲಮ್ಮ ಇಬ್ಬರೇ. ಸಂಜೆ ಅವನು ಜಗಲಿಯಲ್ಲಿ ಕೂತು, ನಾಯಿಯ ತಲೆಯನ್ನು ತೊಡೆಗಾನಿಸಿಕೊಂಡು, ಸತ್ತ ಕೂದಲು ಕೀಳುತ್ತ, ಅಂಟಿದ ಉತ್ತರಾಣಿ ಬಿಡಿಸುತ್ತ, ಹೊಲದ ವಿಚಾರವನ್ನೆಲ್ಲ ಅದಕ್ಕೆ ಹೇಳುತ್ತಿದ್ದ.

"ನನ್ನೊಂದ್ಗೆ ಆಡ್ದಿರೋ ಮಾತ್ನೆಲ್ಲ ಅದ್ರೊಂದ್ಗೆ ಆಡ್ತನೆ," ಎಂದು ಶಾಂತಮಲ್ಲಮ್ಮ ಒಳಗಿನಿಂದಲೇ ಅನ್ನುತ್ತಿದ್ದಳು. ಆದರೂ ಮುದ್ದೆಗೆ ಮಜ್ಜಿಗೆ ಕಲಸಿ ಅದರ ಮುಂದಿಡುತ್ತಿದ್ದವಳು ಅವಳೇ.

ಮಳೆಗಾಲ ಕಳೆಯುವ ಹೊತ್ತಿಗೆ ನಾಯಿ ಇಳಿದುಹೋಯಿತು. ಕೂದಲ ಕೆಳಗೆ ಪಕ್ಕೆಲುಬು ಕೈಗೆ ಸಿಗುತ್ತಿತ್ತು. ಮುದ್ದೆ ಮೂಸಿ ಮುಖ ತಿರುಗಿಸುತ್ತಿತ್ತು. ರಜಾಕ್ ಹೇಳಿದ್ದು ಚಿಕ್ಕಮಲ್ಲಪ್ಪನ ತಲೆಯಲ್ಲಿ ಕೊರೆಯತೊಡಗಿತು. ಅವನ ಅಪ್ಪ, ಅಜ್ಜ ಮಾಂಸದ ಅಂಗಡಿಯಿದ್ದ ಬೀದಿಯನ್ನೂ ತುಳಿದವರಲ್ಲ. ಬಹಳ ಒದ್ದಾಡಿ, ಕೊನೆಗೆ ಗುರುತಿನವರು ಕಡಿಮೆಯೆಂದು ಸಂತೆಮರಹಳ್ಳಿಯ ಸಂತೆಗೆ ಹೋಗಿ, ಮುತ್ತುಗದ ಎಲೆಯಲ್ಲಿ ಬಾಡು ಕಟ್ಟಿಸಿಕೊಂಡು ಬಂದ. ಹೊಲದ ಗುಡಿಸಲಲ್ಲಿ ಕಲ್ಲು ಹೂಡಿ ಬೇಯಲಿಟ್ಟ. ವಾಸನೆ ತಡೆಯದೆ ಆಚೆ ಹೋಗಿ ವಾಂತಿ ಮಾಡಿಕೊಂಡ. ಬಾಯಿ ಮುಕ್ಕಳಿಸಿ ಮತ್ತೆ ಒಳಗೆ ಬಂದು ಸೌದೆ ಮುಂದಕ್ಕೆ ತಳ್ಳಿದ. ಬೆಲ್ಲ ಎರಡು ತುಂಡು ತಿಂದಿತು. ಅಷ್ಟಕ್ಕೇ ಅವನ ಕಣ್ಣು ತುಂಬಿಬಂತು.

ಹುಣಿಸೆಹಣ್ಣು, ಬೂದಿ ಹಾಕಿ ಎಷ್ಟು ಉಜ್ಜಿದರೂ ಆ ಅಂಗೈಯ ಮೇಲೆ ಲಿಂಗವನ್ನು ಇಟ್ಟುಕೊಳ್ಳಲು ಅವನಿಗೆ ಮನಸ್ಸು ಬಾರದಾಯಿತು. ತಲೆನೋವೆಂದ, ಹೊತ್ತಾಯಿತೆಂದ. ಮಗ ಪೂಜೆಯಿಲ್ಲದೆ ಊಟಕ್ಕೆ ಕೂರುವುದನ್ನು ಕೆಲವು ದಿನ ನೋಡಿ, ಶಾಂತಮಲ್ಲಮ್ಮ ಒಂದು ಮಧ್ಯಾಹ್ನ ಹೇಳದೆ ಕೇಳದೆ ಹೊಲಕ್ಕೆ ಬಂದಳು. ಗುಡಿಸಲ ಬಾಗಿಲಲ್ಲಿ ನಿಂತು ಒಲೆ ನೋಡಿದಳು, ಮಡಕೆ ನೋಡಿದಳು.

"ಯಾರ್ಗೆ ಇದು?"

"ನಾಯ್ಗೆ ಕಣವ್ವ. ನಾನು ತಿಂದಿಲ್ಲ."

"ತಿಂದೆ ಅಂತ ನಾ ಅನ್ನಿಲ್ಲ."

"ಸತ್ತೋಯ್ತದೆ ಅಂತ..."

"ನಾನೂ ಸಾಯೋಳೆ ಕಣಪ್ಪ," ಎಂದು ಹೇಳಿ ಶಾಂತಮಲ್ಲಮ್ಮ ಬಂದ ದಾರಿ ಹಿಡಿದಳು.

ಬೈಯಲಿಲ್ಲ, ಅಳಲಿಲ್ಲ. ಅಂದಿನಿಂದ ಅವನ ಊಟದ ಎಲೆ ಜಗಲಿಗೆ ಬಂತು. ಅವನು ಸೇದಿಟ್ಟ ನೀರನ್ನು ಗಿಡಕ್ಕೆ ಚೆಲ್ಲಿ, ತಾನೇ ಬಾವಿಗೆ ಹೋಗಿ ಬೇರೆ ತಂದಳು.

ಅಷ್ಟರಲ್ಲಿ ಬೆಲ್ಲ ಬಾಡನ್ನೂ ಮೂಸದಾಯಿತು. ಗಾಡಿಯಲ್ಲಿ ಹುಲ್ಲು ಹಾಸಿ ಅದನ್ನು ಮಲಗಿಸಿಕೊಂಡು ಚಾಮರಾಜನಗರದ ದನದ ಡಾಕ್ಟರ ಹತ್ತಿರ ಹೋದ. ಅವರು ಬಿಳಿಚಿದ ವಸಡು ನೋಡಿದರು. ಕಾಲ್ಬೆರಳ ಸಂದಿನ ಕೂದಲು ಸರಿಸಿ, ರಕ್ತ ಕುಡಿದು ಉಬ್ಬಿದ್ದ ಉಣ್ಣೆಹುಳುಗಳನ್ನು ತೋರಿಸಿದರು.

"ಇವುಗಳಿಂದ ಬಂದ ಜ್ವರ. ಈಗ ಔಷಧಿ ಕೊಟ್ಟರೂ ಹೊತ್ತು ಮೀರಿದೆ."

"ನಾ ಬಾಡು ಕಮ್ಮಿ ಆಕ್ಬುಟ್ನಾ, ಸ್ವಾಮಿ?"

"ಬಾಡಿಗೂ ಇದಕ್ಕೂ ಸಂಬಂಧವಿಲ್ಲಪ್ಪ. ಬರೀ ಮುದ್ದೆ ತಿಂದಿದ್ದರೂ ಇಷ್ಟೇ."

ದಿನವೂ ಮೈಯೆಲ್ಲ ಬೆರಳಾಡಿಸುತ್ತಿದ್ದವನು ಕಾಲ್ಬೆರಳ ಸಂದು ಬಿಡಿಸಿ ನೋಡಿರಲಿಲ್ಲ. ಎತ್ತುಗಳು ತಮ್ಮಷ್ಟಕ್ಕೆ ತಾವೇ ಊರಿನ ದಾರಿ ಹಿಡಿದವು. ಅವನು ಗಾಡಿಯಲ್ಲಿ ಹಿಂದಕ್ಕೆ ತಿರುಗಿ ಕೂತು, ಒಂದೊಂದೇ ಉಣ್ಣೆ ಕಿತ್ತು ಹೊಸಕುತ್ತಾ ಬಂದ.

ಬೆಲ್ಲ ಹೊಲದ ಗುಡಿಸಲಲ್ಲಿ ಸತ್ತಿತು. ಅವನೇ ಗುಂಡಿ ತೋಡಿದ, ಅವನೇ ಮುಚ್ಚಿದ. ಮಡಕೆ ಒಡೆದ. ಹೊಲದ ಬಾವಿಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದ.

"ಓಯ್ತಾ?" ಶಾಂತಮಲ್ಲಮ್ಮ ಬಾಗಿಲ ಬಳಿಯಿಂದ ಕೇಳಿದಳು.

"ಓಯ್ತು ಕಣವ್ವ."

ಅವಳು ಎಲೆ ತಂದು ಜಗಲಿಯ ಮೇಲೆ ಹಾಕಿದಳು. ಎಲೆಗೆ ತಾಗದಂತೆ ಕೈ ಎತ್ತರದಲ್ಲಿಟ್ಟು ಬಡಿಸಿದಳು.

"ಇನ್ನು ಒಳಕ್ ಬರ್ಲಾವ್ವ?"

ಶಾಂತಮಲ್ಲಮ್ಮ ಬಡಿಸಿದ ಪಾತ್ರೆ ಎತ್ತಿಕೊಂಡಳು.

"ಅನ್ನ ಆರೋಯ್ತದೆ, ಉಣ್ಣು," ಎಂದು ಹೇಳಿ ಒಳಗೆ ಹೋದಳು.

ಚಿಕ್ಕಮಲ್ಲಪ್ಪ ಕೂತು ಉಂಡ. ನಾಳೆಯೂ ಅಲ್ಲೇ ಉಣ್ಣಬೇಕೆಂಬುದು ಅವನಿಗೆ ಗೊತ್ತಾಗಿತ್ತು.