ಟೈಲ್ಸಿಗೆ ಬಿಟ್ಟ ಅರ್ಧ ಇಂಚು

ಸಿಂದಗಿಯಲ್ಲಿ ನಾನು ಹೊಲಿದ ಬ್ಲೌಸಿಗೆ ಹೆಸರಿದೆ. ಹದಿನೆಂಟು ವರ್ಷದಿಂದ ಬಟ್ಟೆ ಕತ್ತರಿಸುವವಳು ಒಂದು ಟೈಲ್ಸ್ ಕತ್ತರಿಸಲಾರೆನೇ ಎಂಬ ಸೊಕ್ಕಿನಿಂದಲೇ ಆ ಮಂಗಳವಾರ ನಾನು ಕೆಟ್ಟೆ.

ನಮ್ಮತ್ತೆ ಗೌಸಬಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ವಿಜಯಪುರದ ಆಸ್ಪತ್ರೆಯಲ್ಲಿ ಆಪರೇಶನ್ ಆಗಿ ಹದಿನೈದು ದಿನವಾಗಿತ್ತು. ಅಲ್ಲಿ ಎಲ್ಲಕ್ಕೂ ಯಾರಾದರೂ ಹಿಡಿದುಕೊಳ್ಳಬೇಕು. ಆ ನಾಚಿಕೆಗೆ ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಫೋನಿನಲ್ಲಿ ಯಾವಾಗಲೂ ಒಂದೇ ಮಾತು.

"ಫಿರದೋಸ, ಮನಿಗೆ ಬಂದಮ್ಯಾಲ ನಾ ಒಬ್ಬಾಕೀನ ಸಂಡಾಸಕ್ಕ ಹೋಗೂ ಹಂಗ ಮಾಡವಾ. ಬ್ಯಾರೆ ಏನೂ ಬ್ಯಾಡ ನನಗ."

ಅದಕ್ಕೇ ಹಳೆಯ ಬಚ್ಚಲು ಕೀಳಿಸಿ, ಕುರ್ಚಿಯಂತೆ ಕೂರುವ ಕಮೋಡು ಹಾಕಿಸಿ, ಕಾಲು ಜಾರದ ಒರಟು ಟೈಲ್ಸ್ ಕೂರಿಸುತ್ತಿದ್ದೆವು. ಬುಧವಾರ ಸಂಜೆ ಅತ್ತೆ ಬರುವವರು. ಮಂಗಳವಾರ ಮುಂಜಾನೆ ಟೈಲ್ಸ್ ಕೂರಿಸುವ ಗೌಂಡಿ ರಾಚಪ್ಪ, ಬಾಗಿಲ ಬುಡದಲ್ಲಿ ಒಂದೇ ಒಂದು ಟೈಲ್ಸಿನ ಜಾಗ ಬಿಟ್ಟು, ತಾಳಿಕೋಟೆಯಲ್ಲಿ ಬೀಗರು ತೀರಿಕೊಂಡರೆಂದು ಬಸ್ ಹತ್ತಿದ. ಸಾವಿನ ಮನೆಗೆ ಹೊರಟವನನ್ನು ಬೈಯಲೂ ಬರುವುದಿಲ್ಲ. ಆ ತಗ್ಗಿನಲ್ಲಿ, ಅತ್ತೆ ಊರಿಕೊಂಡು ನಡೆಯಬೇಕಾದ ವಾಕರಿನ ಕಾಲು ಸಿಕ್ಕರೆ ಅವರು ಮತ್ತೆ ಬಿದ್ದ ಹಾಗೆಯೇ.

ಉಳಿದದ್ದು ಎರಡು ಟೈಲ್ಸ್. ಅಂಗಡಿಯವನನ್ನು ಕೇಳಿದರೆ ಆ ಮಾಲು ಬರುವುದೇ ನಿಂತಿದೆ ಎಂದ. ರಾಚಪ್ಪನ ಕಟರ್ ಅಂಗಳದಲ್ಲೇ ಇತ್ತು: ಎರಡು ಕಬ್ಬಿಣದ ಸರಳು, ಅವುಗಳ ಮೇಲೆ ಓಡುವ ಹಿಡಿಕೆ, ಅದರ ಕೆಳಗೆ ಬಟನ್ನಿನಷ್ಟು ಚಿಕ್ಕ ಗಾಲಿ. ಅವನು ಕೆಲಸ ಮಾಡುವಾಗ ನಿಂತು ನೋಡಿದ್ದೆ. ಗಾಲಿ ಟೈಲ್ಸನ್ನು ಕತ್ತರಿಸುವುದೇ ಇಲ್ಲ, ಮೇಲೆ ಒಂದು ಗೀರು ಎಳೆಯುತ್ತದೆ ಅಷ್ಟೇ. ಆಮೇಲೆ ಹಿಡಿಕೆ ಒತ್ತಿದರೆ ಗೀರಿನುದ್ದಕ್ಕೂ ಎರಡು ಹೋಳು. ಅಷ್ಟು ಗಟ್ಟಿ ವಸ್ತು ಅಷ್ಟು ಸಣ್ಣ ಗೀರಿನ ಮಾತು ಯಾಕೆ ಕೇಳುತ್ತದೆ? ಎರಡು ದಿನದಿಂದ ಅದೇ ನನ್ನ ತಲೆ ತಿನ್ನುತ್ತಿತ್ತು.

ಜಾಗ ಅಳೆದರೆ ಒಂದು ಕಡೆ ಪೂರಾ ಟೈಲ್ಸಿನಷ್ಟು, ಇನ್ನೊಂದು ಕಡೆ ಒಂಬತ್ತು ಇಂಚು. ಗೆರೆ ಹಾಕಿದೆ, ಗಾಲಿ ಎಳೆದೆ, ಒತ್ತಿದೆ. ಅಂಚು ಎಷ್ಟು ನೀಟಾಗಿ ಬಂತೆಂದರೆ ನನಗೆ ನಾನೇ ಶಭಾಷ್ ಅಂದುಕೊಂಡೆ. ತಗ್ಗಿಗೆ ಇಟ್ಟರೆ ಕೂರಲಿಲ್ಲ. ಅಳೆದರೆ ಒಂಬತ್ತೂವರೆ! ಚಾಳಿಬಿದ್ದ ಕೈ, ಹೊಲಿಗೆಗೆಂದು ಅರ್ಧ ಇಂಚು ಬಿಟ್ಟುಬಿಟ್ಟಿತ್ತು. ಟೈಲ್ಸಿಗೆ ಯಾವ ಹೊಲಿಗೆ, ಹುಚ್ಚಿ?

ಆ ಅರ್ಧ ಇಂಚು ತೆಗೆಯೋಣವೆಂದು ಮತ್ತೆ ಗೀರಿ ಒತ್ತಿದೆ. ಅದು ಗೀರನ್ನು ಬಿಟ್ಟು ಅಡ್ಡಾದಿಡ್ಡಿ ಒಡೆಯಿತು. ರಾಚಪ್ಪನಿಗೆ ಫೋನ್ ಹಚ್ಚಿದೆ.

"ಅಕ್ಕಾರ, ಅರ್ಧಾ ಇಂಚ ಮುರ್ಯೂದು ನಮ್ಮಪ್ಪನ ಕಡಿಂದನೂ ಆಗೂದಿಲ್ರಿ," ಎಂದ ಮೆಲ್ಲಗೆ. "ಒತ್ತಿದ್ರ ಎರಡೂ ಕಡೆ ಭಾರ ಬೀಳಬೇಕ್ರಿ. ಅಷ್ಟ ಸಣ್ಣ ಪಟ್ಟಿ ಮ್ಯಾಲ ಎಲ್ಲಿ ಬೀಳ್ತೈತಿ? ಇನ್ನೊಂದನ್ನ ಮುಟ್ಟಬ್ಯಾಡ್ರಿ. ನಾ ನಾಡದ ಬರ್ತೇನಿ."

"ನಮ್ಮತ್ತಿ ನಾಳೆನ ಬರ್ತಾರ, ರಾಚಪ್ಪಣ್ಣ. ಅಲ್ಲೀತನಕ ಅವರನ್ನ ಹೊತ್ಕೊಂಡ ಹೋಗಲೇನು?"

"ಹಂಗಾರ ಮೊದಲ ಒಡದ ಚೂರಿನ ಮ್ಯಾಲ ಕೈ ಪಳಗಿಸ್ಕೋರಿ."

ಒಡೆದ ಚೂರುಗಳನ್ನೆಲ್ಲ ಹರವಿಕೊಂಡು ಕುಳಿತೆ. ಮೂರು ಸಲ ಗೀರಿದರೆ ಅಂಚು ಇಲಿ ಕಡಿದಂತೆ ಬರುತ್ತಿತ್ತು. ಹಗುರಾಗಿ ಗೀರಿದರೆ ದಾರಿ ತಪ್ಪುತ್ತಿತ್ತು. ಒಂದೇ ಸಲ, ಒಂದೇ ಭಾರದಲ್ಲಿ, ಈ ತುದಿಯಿಂದ ಆ ತುದಿಗೆ ನಿಲ್ಲಿಸದೆ ಎಳೆದಾಗ ಹೊಸ ಬಟ್ಟೆ ಹರಿದಂಥ ಸಪ್ಪಳ ಬಂತು. ಆ ಸಪ್ಪಳ ಬಂದ ಚೂರು ಗೆರೆಯ ಮೇಲೇ ಮುರಿಯಿತು. ಮತ್ತೆ ಮಾಡಿದೆ, ಮತ್ತೆ ಹಾಗೇ. ಬ್ಲೌಸು ಕೇಳಲು ಬಂದವರನ್ನು ನಾಳೆ ಬನ್ನಿ ಎಂದು ಸಾಗಹಾಕಿದೆ. ಊಟದ ನೆನಪೂ ಆಗಲಿಲ್ಲ.

ಕೊನೆಯ ಟೈಲ್ಸಿಗೆ ಟೇಪು ಮುಟ್ಟಿಸಲಿಲ್ಲ. ಟೇಪು ಹಿಡಿದರೆ ಈ ಕೈ ಮತ್ತೆ ಹೊಲಿಗೆಗೆ ಬಿಡುತ್ತದೆ. ಹಳೆಯ ಪೇಪರನ್ನು ತಗ್ಗಿನ ಅಳತೆಗೆ ಸರಿಯಾಗಿ ಕತ್ತರಿಸಿ, ಬಿಳಿ ಸಿಮೆಂಟು ತುಂಬಲು ಸುತ್ತಲೂ ದಾರದ ಅಗಲ ತೆಗೆದು, ಅದನ್ನೇ ಟೈಲ್ಸಿನ ಮೇಲಿಟ್ಟು ಗೆರೆ ಹಾಕಿದೆ. ಬಿಸ್ಮಿಲ್ಲಾ ಎಂದು ಎಳೆದೆ. ಸಪ್ಪಳ ಬಂತು. ಒತ್ತಲು ಮಾತ್ರ ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿ ಒತ್ತಿದೆ.

ಎರಡೇ ಹೋಳು. ಅಂಚನ್ನು ಕಲ್ಲಿಗೆ ತಿಕ್ಕಿ ಚೂಪು ತೆಗೆದು, ಸಿಮೆಂಟು ಹಾಕಿ ಕೂರಿಸಿದೆ.

ಬುಧವಾರ ಸಂಜೆ ನನ್ನ ಗಂಡ ಯುನೂಸ ಅತ್ತೆಯನ್ನು ಕರೆತಂದರು. ಅತ್ತೆ ಯಾರನ್ನೂ ಮಾತಾಡಿಸದೆ, ವಾಕರ್ ಊರುತ್ತ ಸೀದಾ ಬಚ್ಚಲ ಕಡೆ ನಡೆದರು. ನಾನು ಬೆನ್ನಿಗೇ ಹೋದೆ. ವಾಕರಿನ ಕಾಲು ನನ್ನ ಟೈಲ್ಸಿನ ಮೇಲೆ ಬಿತ್ತು, ಅಲುಗದೆ ನಿಂತಿತು, ಮುಂದೆ ಹೋಯಿತು. ಬಾಗಿಲು ಮುಚ್ಚಿತು. ನಾನು ಹೊರಗೇ ನಿಂತೆ.

"ಫಿರದೋಸ, ಬಾಗಲದಾಗ ನಿಂತೀಯೇನ?" ಒಳಗಿನಿಂದ ಅತ್ತೆಯ ದನಿ.

"ಹೌದ್ರಿ ಅಮ್ಮಾ."

"ನಾಚಿಕಿ ಇಲ್ಲೇನ ನಿನಗ? ಆ ಕಡೆ ಹೋಗು."

ಹೋದೆ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ, ಬೈಸಿಕೊಂಡು ನನಗೆ ಖುಷಿಯಾದದ್ದು ಅದೇ ಮೊದಲು.