ಉಜ್ಜಿ, ತೂಗಿ ಮಾರಿದ ನಾಣ್ಯಗಳು

ನಮ್ಮ ಬೀದಿಯ ಪಾತ್ರೆಯಣ್ಣನ ಮೋಟಾರು ಕೆಟ್ಟರೆ ಯಾರೂ ಬಂದು ಹೇಳಬೇಕಾಗಿಲ್ಲ. ಬೆಳಗಿನಿಂದ ಗುಂಯ್ ಎನ್ನುತ್ತಿದ್ದ ಅಂಗಡಿ ಒಮ್ಮೆಲೇ ಸುಮ್ಮನಾಗುತ್ತದೆ. ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಹೊಳಪು ಕೊಡುವುದು ಅವನ ಕಸುಬು. ಅಂಗಡಿಯಲ್ಲಿ ಮೋಟಾರಿನ ಉಜ್ಜುವ ಚಕ್ರ ತಿರುಗಿದರೆ ಮನೆಯಲ್ಲಿ ಒಲೆ ಉರಿಯುತ್ತದೆ.

ಈ ಸಲ ಮೋಟಾರು ಸುಟ್ಟೇ ಹೋಯಿತು. ಅವನ ಅಮ್ಮ ಕಪಾಟಿನಿಂದ ಎರಡು ಬಿಸ್ಕತ್ತಿನ ಡಬ್ಬಿ ಇಳಿಸಿದರು. ಅವು ತೀರಿಹೋದ ಅವನ ಅಪ್ಪನವು. ಅವರು ದೋಣಿಕಟ್ಟೆಯಲ್ಲಿ ಟಿಕೆಟ್ ಕೊಡುತ್ತಿದ್ದವರು. ಅಪರೂಪದ ನಾಣ್ಯ ಕೈಗೆ ಬಂದರೆ ಬದಲಿಗೆ ತಮ್ಮ ಜೇಬಿನ ಕಾಸು ಗಲ್ಲಾಪೆಟ್ಟಿಗೆಗೆ ಹಾಕಿ, ಅದನ್ನು ಮನೆಗೆ ತರುತ್ತಿದ್ದರು.

"ಒಂದು ಡಬ್ಬಿ ಮಾರು. ಮೋಟಾರಿಗೆ ಆಗುತ್ತೇನೋ ನೋಡು," ಎಂದರು ಅಮ್ಮ.

ಒಳಗೆ ಕಾಗದದಲ್ಲಿ ಸುತ್ತಿದ ಕಪ್ಪು ಕಪ್ಪು ನಾಣ್ಯಗಳು. ಮಾಸಿದ ಲೋಹ ಕಂಡರೆ ನಮ್ಮ ಅಣ್ಣನಿಗೆ ಸುಮ್ಮನಿರಲು ಆಗುವುದಿಲ್ಲ. ಅಂಗಡಿಗೆ ಒಯ್ದು ಹುಳಿ ಹಚ್ಚಿದ, ಪುಡಿ ಹಾಕಿದ, ಕೂತು ಕೈಯಲ್ಲೇ ಉಜ್ಜಿದ. ಬೀದಿಯವರೆಲ್ಲ ನೋಡಿ ಭಲೇ ಎಂದರು.

ಮಾರನೆಯ ದಿನ ಸುದ್ದಿ ಕೇಳಿ ಹಳೇ ನಾಣ್ಯ ಕೊಳ್ಳುವ ವ್ಯಾಪಾರಿ ಬಂದ. ಎಷ್ಟಕ್ಕೆ ಕೊಡ್ತೀರಿ ಎಂದ. ಪಾತ್ರೆಯವನಿಗೆ ಲೋಹವೆಂದರೆ ತಕ್ಕಡಿಯೇ. ತೂಗಿದ, ಹಿತ್ತಾಳೆಗಿಂತ ಸ್ವಲ್ಪ ಹೆಚ್ಚಿನ ಬೆಲೆ ಹೇಳಿದ. ವ್ಯಾಪಾರಿ ಚೌಕಾಸಿ ಮಾಡದೆ ದುಡ್ಡು ಕೊಟ್ಟ. ಆಗಲೇ ಅನುಮಾನ ಬರಬೇಕಿತ್ತು. ಅಣ್ಣನಿಗೆ ಖುಷಿ ಬಂತು.

ಡಬ್ಬಿಯ ತಳದಲ್ಲಿ ಒಂದು ನಾಣ್ಯ ಉಜ್ಜದೆ ಉಳಿದಿತ್ತು. "ಇದೊಂದು ಕೊಳೆಯಾಗೇ ಉಳಿದುಬಿಡ್ತು ಸ್ವಾಮಿ. ಇದಕ್ಕೆ ದುಡ್ಡು ಬೇಡ, ಸುಮ್ನೆ ಇಟ್ಕೊಳ್ಳಿ," ಎಂದು ಸಂಕೋಚದಿಂದ ಕೊಟ್ಟ.

ವ್ಯಾಪಾರಿ ಅದನ್ನು ಮಾತ್ರ ಬೇರೆ ಜೇಬಿಗೆ ಹಾಕಿಕೊಂಡ. "ಇನ್ನೊಂದು ಡಬ್ಬಿಗೆ ಮುಂದಿನ ವಾರ ಬರ್ತೀನಿ. ನೀವು ಉಜ್ಜೋ ಕಷ್ಟ ತಗೋಬೇಡಿ," ಎಂದು ಹೇಳಿ ಹೋದ.

ಬಂದ ದುಡ್ಡು ಹೊಸ ಮೋಟಾರಿಗೆ ಸಾಲಲಿಲ್ಲ. ಸುಟ್ಟ ಮೋಟಾರಿಗೇ ತಂತಿ ಸುತ್ತಿಸಿದ. ನಾಲ್ಕು ದಿನ ತಿರುಗಿ ಅದು ಮತ್ತೆ ಹೊಗೆ ಬಿಟ್ಟಿತು. ಇನ್ನು ಉಳಿದದ್ದು ಎರಡನೆಯ ಡಬ್ಬಿ ಒಂದೇ. ಅದೂ ಸಾಲದಿದ್ದರೆ ಅಂಗಡಿಗೆ ಬೀಗ.

ಅವನು ಎರಡನೆಯ ಡಬ್ಬಿ ಬಿಚ್ಚಿ ಹುಳಿ ಕಲಸುತ್ತಿದ್ದಾಗ ಎದುರುಮನೆಯ ಸಿಸ್ಟರಕ್ಕ ಒಂದು ಹೂಜಿ ಹಿಡಿದು ಬಂದರು. ಆಸ್ಪತ್ರೆಯಲ್ಲಿ ನರ್ಸು. ರಜೆಯ ದಿನ ನಾಣ್ಯ ಸಂಗ್ರಹಿಸುವವರ ಸಂಘಕ್ಕೆ ಹೋಗುವ ಹುಚ್ಚು ಅವರಿಗೆ.

"ಕೈ ತೆಗಿ ಅದರಿಂದ. ಏನು ಮಾಡ್ತಿದ್ದೀಯಾ ನೀನು?"

"ತೊಳೀತಿದ್ದೀನಿ ಅಕ್ಕ. ಕೊಳೆ ಸಾಮಾನು ಯಾರು ತಗೋತಾರೆ?"

"ನಾಣ್ಯ ಪಾತ್ರೆ ಅಲ್ಲ ಕಣೋ. ಉಜ್ಜಿದ್ರೆ ಕೊಳೆ ಜೊತೆ ಮೇಲಿನ ಪದರವೂ ಹೋಗುತ್ತೆ, ಗೀರು ಬೀಳುತ್ತೆ. ಬಲ್ಲವರು ಮುಟ್ಟೋದೂ ಇಲ್ಲ." ಅವರು ಒಂದು ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು ಬೆಳಕಿಗೆ ತಿರುಗಿಸಿದರು. "ಇನ್ನೊಂದು ಡಬ್ಬಿ ಏನಾಯ್ತು?"

"ತೂಕಕ್ಕೆ ಕೊಟ್ಟೆ."

ಸಿಸ್ಟರಕ್ಕ ಹುಳಿಯ ಬಟ್ಟಲನ್ನು ದೂರ ಸರಿಸಿದರು.

"ನೀವು ಸುಮ್ನೆ ಹೆದರಿಸ್ತೀರ ಅಕ್ಕ," ಎಂದ ಅಣ್ಣ. "ಸವೆದ ಕಾಸಿಗೆ ಯಾವ ಹುಚ್ಚ ದುಡ್ಡು ಕೊಡ್ತಾನೆ?"

"ಭಾನುವಾರ ನನ್ನ ಜೊತೆ ಬಾ. ಹುಚ್ಚರನ್ನೆಲ್ಲ ತೋರಿಸ್ತೀನಿ."

ಭಾನುವಾರ ಇಬ್ಬರೂ ಸಂಘಕ್ಕೆ ಹೋದರು. ದೊಡ್ಡ ಸಭಾಂಗಣ, ಸಾಲಾಗಿ ಮೇಜುಗಳು. ಒಂದು ಮೇಜಿನ ಹಿಂದೆ ಅದೇ ವ್ಯಾಪಾರಿ. ಮೇಜಿನ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ, ಅದರ ತುಂಬ ಫಳಫಳ ಹೊಳೆಯುವ ನಾಣ್ಯಗಳು. ಮಕ್ಕಳು ಆಟಕ್ಕೆ ಆರಿಸಿಕೊಳ್ಳುತ್ತಿದ್ದರು. ಅಣ್ಣನಿಗೆ ತನ್ನ ಕೈಯ ಹೊಳಪು ಗುರುತು ಸಿಕ್ಕಿತು. ಬಿಟ್ಟಿಯಾಗಿ ಕೊಟ್ಟ ಆ ಕಪ್ಪು ನಾಣ್ಯ ಮಾತ್ರ ಗಾಜಿನ ಪೆಟ್ಟಿಗೆಯೊಳಗಿತ್ತು. ಪಕ್ಕದ ಚೀಟಿಯಲ್ಲಿದ್ದ ಬೆಲೆಗೆ ಹೊಸ ಮೋಟಾರು ಬಂದು, ಮೇಲೆ ಚಿಲ್ಲರೆಯೂ ಉಳಿಯುತ್ತಿತ್ತು.

"ಅದು ನಮ್ಮಪ್ಪನದು. ವಾಪಸ್ ಕೊಡಿ," ಎಂದ ಅಣ್ಣ.

"ನೀವು ಹೇಳಿದ ಬೆಲೆ ಕೊಟ್ಟಿದ್ದೀನಲ್ಲ. ಇದನ್ನ ಬೇಡ ಅಂತ ನೀವೇ ಕೊಟ್ರಿ," ಎಂದ ವ್ಯಾಪಾರಿ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಹಾಗಾಗಿ ಅಣ್ಣನಿಗೆ ಜಗಳಕ್ಕೂ ದಾರಿ ಉಳಿಯಲಿಲ್ಲ.

ಮನೆಗೆ ಬಂದು ಅಮ್ಮನ ಮುಂದೆ ಎಲ್ಲ ಹೇಳಿಕೊಂಡು ಅತ್ತ. ಅಮ್ಮ ಗದರಲಿಲ್ಲ. "ನಿಮ್ಮಪ್ಪ ಒಂದನ್ನೂ ಒರೆಸೋಕೆ ಬಿಡ್ತಿರಲಿಲ್ಲ. ಕಾಗದ ಸುತ್ತಿ ಹಾಗೇ ಇಡು ಅಂತಿದ್ರು. ನೀನು ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ," ಎಂದರು. ಹಿತ್ತಲ ಗಿಡ ಮದ್ದಲ್ಲ, ಇನ್ನೇನು.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತೀರಾ? ಪೂರ್ತಿ ಬಂದಿರಲಿಲ್ಲ. ಮರುದಿನವೇ ಅವನು ಮೊಬೈಲು ಹಿಡಿದು ಸಿಸ್ಟರಕ್ಕನ ಬಳಿ ಓಡಿಬಂದ. "ಅಕ್ಕ, ಇಲ್ಲೊಬ್ಬರು ಒಂದು ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತಾರಂತೆ. ಮೊದಲು ಸ್ವಲ್ಪ ನೋಂದಣಿ ಶುಲ್ಕ ಕಟ್ಟಬೇಕಂತೆ."

"ಕೊಂಡ್ಕೊಳ್ಳೋರು ನಿನಗೆ ದುಡ್ಡು ಕೊಡ್ಬೇಕೋ, ನೀನು ಅವರಿಗೋ?"

ಅಣ್ಣ ಫೋನು ಜೇಬಿಗೆ ಹಾಕಿದ.

ಆಮೇಲೆ ಸಿಸ್ಟರಕ್ಕ, ಅಮ್ಮ, ಅಣ್ಣ ಮೂವರೂ ಕೂತು ಎರಡನೆಯ ಡಬ್ಬಿಯ ನಾಣ್ಯಗಳ ಎರಡೂ ಬದಿ ಫೋಟೊ ತೆಗೆದರು. ಬೇರೆ ಬೇರೆ ಕಡೆ ಮೂವರು ಬಲ್ಲವರಿಗೆ ತೋರಿಸಿದರು. ಹೆಚ್ಚಿನವು ಬರೀ ಹಳೇ ಕಾಸು, ಅಷ್ಟೇನೂ ಬೆಲೆಯಿಲ್ಲ ಎಂದು ಮೂವರೂ ಹೇಳಿದರು. ಎರಡು ನಾಣ್ಯ ಮಾತ್ರ ಒಳ್ಳೆಯವು. ಅವನ್ನು ಸಂಘದ ಹರಾಜಿನಲ್ಲಿಟ್ಟು, ರಸೀದಿ ಪಡೆದು ಮಾರಿದರು. ಹೊಸ ಮೋಟಾರು ಬಂತು. ಮೊದಲ ಡಬ್ಬಿ ಹೋದದ್ದು ಹೋಯಿತು. ಆ ಮಾತು ಬಂದರೆ ಅಣ್ಣ ಈಗಲೂ ಎದ್ದು ಆಚೆ ಹೋಗುತ್ತಾನೆ.

ಮೊನ್ನೆ ಒಬ್ಬಾಕೆ ಒಂದು ಗಂಟು ಹಳೇ ನಾಣ್ಯ ತಂದು, ಹೊಳಪು ಕೊಡಿ, ಮಾರಬೇಕು, ಎಷ್ಟಾದರೂ ಕೊಡ್ತೀನಿ ಎಂದಳು. ಅಣ್ಣ ಚಕ್ರ ನಿಲ್ಲಿಸಿದ. ಸ್ಟೂಲು ಎಳೆದು ಅವಳನ್ನು ಕೂರಿಸಿದ. "ಕೂತ್ಕೊಳ್ಳಿ ತಾಯಿ. ಈ ಕೆಲಸ ನಾನು ಮಾಡಲ್ಲ. ಯಾಕೆ ಅಂತ ಹೇಳ್ತೀನಿ," ಎಂದ.

ನಿಮ್ಮ ಮನೆಯ ಕಪಾಟಿನಲ್ಲೂ ಅಂಥ ಡಬ್ಬಿ ಇರಬಹುದು. ಉಜ್ಜಬೇಡಿ, ತೂಗಬೇಡಿ. ಮೊದಲು ಮನೆಯ ಹಿರಿಯರನ್ನು ಕೇಳಿ. ಒಬ್ಬರ ಮಾತಿಗೆ ಮಾರದೆ ಮೂವರಿಗೆ ತೋರಿಸಿ. ಲಕ್ಷ ಕೊಡುತ್ತೇವೆ, ಮುಂಗಡ ಕಟ್ಟಿ ಎನ್ನುವವರಿಗೆ ಒಂದು ಕಾಸೂ ಕಳಿಸಬೇಡಿ. ಬೆಲೆ ತಿಳಿದ ಮೇಲೆ ಮಾರುವುದೋ ಇಟ್ಟುಕೊಳ್ಳುವುದೋ ನಿಮ್ಮ ಇಷ್ಟ. ತಿಳಿಯುವ ಮೊದಲು ಮಾತ್ರ ಡಬ್ಬಿ ಕೈಬಿಡಬೇಡಿ.