ನಡುಕೋಣೆಯ ಹರಿಹರ ಸ್ಟೇಷನ್

ನಮ್ಮ ಮನೆಯ ನಡುಕೋಣೆಯಲ್ಲಿ ರೈಲು ಓಡುತ್ತದೆ ಎಂದರೆ ನಿಟ್ಟುವಳ್ಳಿಯ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಮ್ಮ ಮಾವನವರ ಮುಖ ನೋಡುತ್ತಾರೆ. ತರಿಸಿಕೊಟ್ಟವಳು ಸೊಸೆಯಾದ ನಾನು, ಓಡಿಸುವವರು ಮಾವ. ಇಬ್ಬರಲ್ಲಿ ಯಾರ ತಲೆ ಹೆಚ್ಚು ಕೆಟ್ಟಿದೆ ಎಂದು ತೀರ್ಮಾನ ಮಾಡುವುದು ಅವರಿಗೆ ಕಷ್ಟ.

ಮಾವ ಪರಮೇಶ್ವರಪ್ಪನವರು ಹರೆಯದಿಂದ ಜವಳಿ ಅಂಗಡಿಯ ಗಾದಿ ಮೇಲೆ ಕೂತವರು. ಮಗನಿಗೆ, ಎಂದರೆ ನನ್ನ ಗಂಡ ಬಸವಪ್ರಭುವಿಗೆ, ಅಂಗಡಿ ಬಿಟ್ಟುಕೊಟ್ಟರು. ಮಗ ಗಾದಿ ತೆಗೆಸಿ ಗಾಜಿನ ಕೌಂಟರ್ ಹಾಕಿಸಿದ. ಅಪ್ಪನಿಗೆ ಬಾಗಿಲ ಬಳಿ ಒಂದು ಕುರ್ಚಿ ಕೊಟ್ಟ, ಗಿರಾಕಿಗಳು ಕೊಡೆ ಇಡುವ ಮೂಲೆಯಲ್ಲಿ. ಮಾವ ಒಂದು ವಾರ ಅಲ್ಲಿ ಕೂತರು, ಆಮೇಲೆ ಹೋಗಲಿಲ್ಲ. ನನ್ನ ಗಂಡ ಕೆಟ್ಟವನಲ್ಲ, ದಡ್ಡ. ಅದನ್ನು ಅವನಿಗೂ ಹೇಳಿದ್ದೇನೆ.

ಆಮೇಲೆ ಮಾವ ದಿನಾ ಸಂಜೆ ರೈಲ್ವೆ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂತು ಬರುವುದು ಶುರುವಾಯಿತು. ಒಂದು ದಿನ ನೋಡಿದರೆ ಮೊಬೈಲಿನಲ್ಲಿ ಯಾವನೋ ಬಿಳಿ ಗಡ್ಡದ ಮುದುಕ ಮೇಜಿನ ಮೇಲೆ ಪುಟ್ಟ ರೈಲು ಓಡಿಸುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. "ಆಟಿಕೆ ಅಲ್ಲಮ್ಮ ರಶ್ಮಿತಾ, ನೋಡು, ಡಬ್ಬಿ ಮ್ಯಾಲೆ ನಂಬರ್ ಸೈತ ಬರ್ದಾರೆ" ಎಂದರು. ಅವರ ಹುಟ್ಟುಹಬ್ಬಕ್ಕೆ ನಾನು ಒಂದು ಪೆಟ್ಟಿಗೆ ತರಿಸಿದೆ. ಅದರಲ್ಲಿ ಒಂದು ಇಂಜಿನ್, ಮೂರು ಡಬ್ಬಿ, ದುಂಡಗೆ ಜೋಡಿಸುವ ಹಳಿಯ ತುಂಡುಗಳು, ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ ಇದ್ದವು.

ಜವಳಿ ಅಂಗಡಿಯವರಿಗೆ ಏನೇ ಆದರೂ ಗಾದಿಯ ಮೇಲೆ ಇಟ್ಟರೇ ಸಮಾಧಾನ. ಮಾವ ಹಳೆ ಗಾದಿಯನ್ನು ಹಾಸಿ, ಅದರ ಮೇಲೆ ಬಿಳಿ ಬಟ್ಟೆ ಬಿಗಿದು, ಹಳಿ ಜೋಡಿಸಿದರು. ಗಾಡಿ ಕುಡುಕನ ಹಾಗೆ ತೂಗಾಡಿ ಮಗ್ಗುಲಾಗಿ ಬಿತ್ತು. ಗಾಲಿಗೆ ಸುತ್ತಿಕೊಂಡ ಹತ್ತಿಯನ್ನು ನನ್ನ ಹುಬ್ಬು ಕೀಳುವ ಚಿಮಟದಿಂದ ಎಳೆದು ಎಳೆದು ತೆಗೆದೆವು. ಗಾದಿ ಹೋಗಿ ಪ್ಲೈವುಡ್ ಹಲಗೆ ಬಂತು. ಆಮೇಲೆ ಬೆಟ್ಟ ಮಾಡಲು ಹೊರಟರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಹಾಗೆ ಬೆಟ್ಟದ ಬದಲು ಒಂದು ದೊಡ್ಡ ಮುದ್ದೆ ತಯಾರಾಯಿತು. ಅದನ್ನೂ ತೆಗೆದರು. ಕೊನೆಗೆ ವಿಡಿಯೋದ ಮುದುಕ ಹೇಳಿದ್ದನ್ನೇ ಕೇಳಿದರು: ಮೊದಲು ಒಂದೇ ಸುತ್ತು, ಒಂದೇ ಸ್ಟೇಷನ್, ಅದು ಸರಿಯಾಗಿ ಓಡಲಿ.

ಇದರ ಗುಟ್ಟೆಲ್ಲ ಹಳಿಯಲ್ಲಿದೆ. ಇಂಜಿನ್ನಿಗೆ ಕರೆಂಟು ಬರುವುದು ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟರಿಗೆ. ಹಳಿಯ ಮೇಲೆ ಧೂಳು ಕೂತರೂ, ಬೆರಳಿನ ಜಿಡ್ಡು ಹತ್ತಿದರೂ ಗಾಡಿ ಮುನಿಸಿಕೊಂಡು ನಿಲ್ಲುತ್ತದೆ. ಅದಕ್ಕೇ ಮಾವ ದಿನಾ ಮಲ್ ಎಂಬ ತೆಳು ಹತ್ತಿ ಬಟ್ಟೆಯ ಚೂರಿನಿಂದ ಹಳಿ ಒರೆಸುತ್ತಿದ್ದರು. ಇದನ್ನು ನನಗೂ ಕಲಿಸಿಕೊಟ್ಟರು. ಅತ್ತೆಗೆ ಮಾತ್ರ ಗೊತ್ತಿರಲಿಲ್ಲ, ಏಕೆಂದರೆ ಅವರು ಆ ಕೋಣೆಗೆ ಕಾಲಿಡುತ್ತಿರಲಿಲ್ಲ. "ಅರವತ್ತಕ್ಕೆ ಅರಳು ಮರಳು" ಎಂದು ಅಡುಗೆಮನೆಯಿಂದಲೇ ಹೇಳುತ್ತಿದ್ದರು.

ಅತ್ತೆ ನಿರ್ಮಲಮ್ಮನವರ ಚಿಂತೆ ರೈಲಿನದಲ್ಲ, ತವರಿನದು. ತವರು ಹರಿಹರ. ಅಲ್ಲಿರುವ ಒಬ್ಬನೇ ತಮ್ಮ ಕೊಟ್ಟೂರೇಶನಿಗೆ ನಾಲಿಗೆ ಉದ್ದ. ರೈಲ್ವೆ ಹಳಿಯ ಪಕ್ಕದಲ್ಲಿದ್ದ ಹಳೆ ಮನೆಯನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟಿಸಿದ ಮೇಲೆ ಇನ್ನೂ ಉದ್ದವಾಗಿತ್ತು. ಮನೆ ಕೆಡವಿದ ದಿನ ಅತ್ತೆ ತಮ್ಮನಿಗೆ ಒಂದು ಮಾತೂ ಆಡಲಿಲ್ಲ. ಅವನದೇ ಆಸ್ತಿ, ಏನನ್ನುವುದು? ಮನೆಗೆ ಬಂದು ಎರಡು ದಿನ ನಮ್ಮ ಮೇಲೆ ರೇಗಿದರು, ಅಷ್ಟೆ.

ಮಹಾನವಮಿ ಹತ್ತಿರ ಬಂದಾಗ ಅತ್ತೆ ಮಾವನಿಗೆ ಎದುರು ನಿಂತರು.

"ಆಯುಧ ಪೂಜೆಗೆ ಕೊಟ್ಟೂರೇಶಿ ಊಟಕ್ಕೆ ಬರ್ತಾನೆ. ನಮ್ ಭಾವ ರೈಲಾಟ ಆಡ್ಕಂತ ಕುಂತಾರೆ ಅಂತ ಹರಿಹರದ ತುಂಬ ಹೇಳ್ಕಂಡು ಬರ್ತಾನೆ. ನಾನು ತವರಿಗೆ ಹೋಗೋದು ಬ್ಯಾಡೇನ್ರಿ?"

"ಹೇಳ್ಲಿ ಬಿಡು. ಓಡೋದು ನೋಡಿದ್ರೆ ಅವನೇ ಸುಮ್ಮನಾಗ್ತಾನೆ."

"ಹಂಗಾರೆ ಒಂದು ಮಾತು. ಅವನ ಮುಂದೆ ಪೂರ್ತಿ ಒಂದು ಸುತ್ತು ಓಡಿದ್ರೆ ಇರ್ಲಿ. ನಡುವೆ ನಿಂತ್ರೆ ಅವತ್ತೇ ಅಟ್ಟಕ್ಕೆ."

"ಆತು. ಮಾತು ಅಂದ್ರೆ ಮಾತು."

ಅಂಗಡಿಯಲ್ಲಿ ಮಾವನಿಗೆ ಉಳಿದದ್ದು ಕೊಡೆಯ ಮೂಲೆ. ಮನೆಯಲ್ಲಿ ಈ ಹಲಗೆ ಒಂದೇ ಅವರು ಹೇಳಿದಂತೆ ಕೇಳುತ್ತಿತ್ತು. ಅದೂ ಅಟ್ಟಕ್ಕೆ ಹೋದರೆ ಮತ್ತೆ ಸ್ಟೇಷನ್ನಿನ ಬೆಂಚೇ ಗತಿ.

ಹಬ್ಬದ ಮುಂಚೆ ಮನೆಯೆಲ್ಲ ಝಾಡಿಸುವ ಕೆಲಸ ಬಂತು. ಮಾವ ಪೇಟೆಗೆ ಹೋದ ಹೊತ್ತು ನೋಡಿ ಅತ್ತೆ ಪೊರಕೆ ಹಿಡಿದು ಆ ಕೋಣೆಗೆ ನುಗ್ಗಿದರು. ಬೈಗುಳ ಕೇಳಿಸುತ್ತದೆ ಎಂದು ಕಾದೆ. ಏನೂ ಕೇಳಿಸಲಿಲ್ಲ. ಹೋಗಿ ನೋಡಿದರೆ ಅತ್ತೆ ಪೊರಕೆ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತಿದ್ದರು.

ಹಲಗೆಯ ಮೇಲೆ ಸ್ಟೇಷನ್ ಇತ್ತು, 'ಹರಿಹರ' ಎಂದು ಹಳದಿ ಬೋರ್ಡು ಇತ್ತು. ಅದು ನನಗೆ ಗೊತ್ತಿತ್ತು. ಸ್ಟೇಷನ್ನಿನ ಆಚೆ ತಿರುವಿನಲ್ಲಿ ಒಂದು ಪುಟ್ಟ ಹೆಂಚಿನ ಮನೆ ಹೊಸದಾಗಿ ಬಂದಿತ್ತು. ನೀಲಿ ಬಾಗಿಲು, ಮುಂದೆ ಕಟ್ಟೆ, ಒಂದು ಬೇವಿನ ಮರ. ಹಳಿಯ ಪಕ್ಕದ ಬೇಲಿ ಹಿಡಿದು, ಬೆರಳಿನ ಗೆಣ್ಣಿನಷ್ಟು ಎತ್ತರದ ಒಂದು ಹುಡುಗಿ ನಿಂತಿದ್ದಳು.

"ಬೇವಿನ ಮರ ಬಾಗ್ಲ ಎಡಕ್ಕಿತ್ತು" ಎಂದರು ಅತ್ತೆ. "ಎಡಕ್ಕೇ ಇಟ್ಟಾರೆ ನೋಡು."

"ಇದು ನಿಮ್ಮ ತವರುಮನೇನಾ ಅತ್ತಿ?"

"ಹೂಂ. ನನ್ನ ನೋಡಾಕ ಬಂದಾಗ ಇವ್ರು ರೈಲಿಂದಲೇ ಮೊದ್ಲು ನೋಡಿದ್ರಂತೆ. ಬೇಲಿ ಹತ್ರ ನಿಂತು ಡಬ್ಬಿ ಎಣಿಸ್ತಿದ್ದೆ ಅಂತಿದ್ರು. ಬಾಯಿಮಾತಿಗೆ ಹೇಳ್ತಾರೆ ಅಂದ್ಕಂಡಿದ್ದೆ."

ಕೆಡವಿದ ಮನೆಯ ಬಗ್ಗೆ ಅತ್ತೆಯ ಸಂಕಟ ಯಾರಿಗೂ ತಿಳಿದಿಲ್ಲ ಎಂದು ನಾನು ಅಂದುಕೊಂಡಿದ್ದೆ. ತಿಳಿದವರು ಬಾಯಿ ಬಿಡದೆ ಪ್ಲೈವುಡ್ ಮೇಲೆ ಮತ್ತೆ ಕಟ್ಟುತ್ತಿದ್ದರು. ಮಾವ ಮನೆಗೆ ಬಂದಾಗ ಅತ್ತೆ ಇದನ್ನೇನೂ ಹೇಳಲಿಲ್ಲ. ಕೋಣೆಯ ತುಂಬ ಕಸ ಎಂದು ಎಂದಿನಂತೆ ಬೈದರು. ಆದರೆ ಆ ದಿನದಿಂದ ರೈಲು ಓಡಲೇಬೇಕು ಎಂಬ ಆಸೆ ಮಾವನಿಗಿಂತ ಅವರಿಗೇ ಹೆಚ್ಚಾಯಿತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾತ್ರ ಬಿಂಕ ಬಿಡಲಿಲ್ಲ.

ಆಯುಧ ಪೂಜೆಯ ಬೆಳಿಗ್ಗೆ ಅಪ್ಪ ಮಗ ಅಂಗಡಿಗೆ ಹೋದರು. ಅಲ್ಲಿ ಕತ್ತರಿ, ಮೀಟರ್ ಕೋಲು, ಕಂಪ್ಯೂಟರು ಎಲ್ಲಕ್ಕೂ ವಿಭೂತಿ ಹಚ್ಚಿ ಪೂಜೆ. ನಾನು ಹೋಳಿಗೆ ತಟ್ಟುತ್ತಿದ್ದೆ. ಅತ್ತೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಪೂಜೆಯ ತಟ್ಟೆ ಹಿಡಿದು ನಡುಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಗಂಟೆ ಕೇಳಿಸಿತು, ಕರ್ಪೂರದ ವಾಸನೆ ಬಂತು. ಹೊರಗೆ ಬಂದವರು, "ಎಡಿ ಹಿಡಿದು ಊಟ ಆಗೋ ತನಕ ಯಾರೂ ಮುಟ್ಟಬ್ಯಾಡ್ರಿ" ಎಂದರು. ಪೂಜೆಗೆ ಇಟ್ಟ ಆಯುಧವನ್ನು, ಎಡಿ ಎಂದರೆ ನೈವೇದ್ಯ ಆಗಿ ಊಟ ಮುಗಿಯುವ ಮುಂಚೆ, ಯಾರೂ ಕದಲಿಸಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ.

ಮಧ್ಯಾಹ್ನ ಮಾವ ಬಂದು, ಮಲ್ ಬಟ್ಟೆ ಹಿಡಿದು ಕೋಣೆಯತ್ತ ಹೊರಟರು. ಅತ್ತೆ ಬಾಗಿಲಲ್ಲೇ ತಡೆದರು.

"ಪೂಜೆ ಆಗೈತೆ. ಈಗ ಒರಸ್ತಾರೇನ್ರಿ?"

"ಯಾವುದಕ್ಕೆ ಮಾಡಿದಿ ಪೂಜೆ?"

"ರೈಲಿಗೆ. ಮತ್ಯಾವುದಕ್ಕೆ?"

ಮಾವ ಅತ್ತೆಯ ಮುಖವನ್ನೇ ನೋಡುತ್ತ ನಿಂತರು. ಬಟ್ಟೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಅವತ್ತು ಅವರು ಎರಡು ಹೋಳಿಗೆ ಹೆಚ್ಚಿಗೆ ತಿಂದರು.

ಕೊಟ್ಟೂರೇಶ್ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, "ಭಾವಾರೆ, ಟಿಕೆಟ್ ಎಲ್ಲಿ ಕೊಡ್ತೀರಿ?" ಎಂದ. ಎಲ್ಲರೂ ಕೋಣೆಗೆ ಹೋದೆವು. ಇಂಜಿನ್ನಿನ ಮೂತಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೆ ಸೇವಂತಿಗೆ. ಮುಂದೆ ಒಂದು ಲಿಂಬೆಹಣ್ಣು. ಹಣ್ಣು ಇಂಜಿನ್ನಿನಷ್ಟೇ ದಪ್ಪ ಇದ್ದುದರಿಂದ ಗಾಲಿಗೆ ಕೊಡಲು ಆಗದೆ ಸುಮ್ಮನೆ ಇಟ್ಟಿದ್ದರು. ಮಾವ ಹೂವು, ಹಣ್ಣು ತೆಗೆದು, ಗುಂಡಿ ತಿರುಗಿಸಿದರು.

ಗಾಡಿ ಒಂದು ಗೇಣು ಹೋಯಿತು, ಮುಗ್ಗರಿಸಿತು, ನಿಂತಿತು. ಬೆರಳಿನಿಂದ ದೂಡಿದರು. ಇನ್ನೊಂದು ಚೂರು ಹೋಗಿ ಮತ್ತೆ ನಿಂತಿತು.

"ಸಿಗ್ನಲ್ ಸಿಕ್ಕಿಲ್ಲ ಅನ್ನಿಸ್ತೈತೆ ಭಾವಾರೆ. ನಾ ಬಸ್ಸಿಗೇ ಹೋಗ್ತೀನಿ" ಎಂದ ಕೊಟ್ಟೂರೇಶ್. ನನ್ನ ಗಂಡನೂ ನಕ್ಕ. ಅದಕ್ಕೆ ಆಮೇಲೆ ನನ್ನಿಂದ ಅನುಭವಿಸಿದ.

ಮಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಹಳಿಯ ಮೇಲೆ ಬೆರಳಾಡಿಸಿ, ಬೆರಳಿನ ತುದಿ ನೋಡಿದರು. ಪಕ್ಕದಲ್ಲಿದ್ದ ನನಗೂ ಕಾಣಿಸಿತು. ಬೆಳ್ಳಗಿತ್ತು. ಅತ್ತೆ ಇಂಜಿನ್ನಿಗೆ ಮಾತ್ರ ಹಚ್ಚಿ ಬಿಟ್ಟಿರಲಿಲ್ಲ. ಹೊಸ್ತಿಲಿಗೆ ಹಚ್ಚುವ ಹಾಗೆ, ಸುತ್ತಲೂ ಎರಡೂ ಹಳಿಗಳಿಗೆ, ಒಂದು ಬೆರಳಷ್ಟು ಜಾಗವನ್ನೂ ಬಿಡದೆ ಒದ್ದೆ ವಿಭೂತಿ ಬಳಿದಿದ್ದರು. ಅದು ಒಣಗಿ ಹಳಿಗೆ ಪದರ ಕಟ್ಟಿತ್ತು. ಕರೆಂಟು ಎಲ್ಲಿಂದ ಹಾಯಬೇಕು?

ಮಾವ ತಲೆ ಎತ್ತಿ ಅತ್ತೆಯತ್ತ ನೋಡಿದರು. ಅತ್ತೆ ಸೆರಗಿನೊಳಗೆ ಕೈ ಮುಗಿದು, ತುಟಿ ಅಲುಗಿಸುತ್ತ, ಗಾಡಿಯನ್ನೇ ನೋಡುತ್ತಿದ್ದರು. ಓಡಲಿ ಎಂದು ಬೇಡಿಕೊಳ್ಳುತ್ತಿದ್ದರು. ಮಾವ ಬೆರಳನ್ನು ಪಂಚೆಗೆ ಒರೆಸಿಕೊಂಡು ನೆಟ್ಟಗೆ ನಿಂತರು.

"ಮೋಟರ್ ಸುಟ್ಟೈತೆ. ಅಗ್ಗದ ಮಾಲು" ಎಂದರು.

ನಾನು ಬಾಯಿ ತೆರೆದೆ. ಮಾವ ನನ್ನತ್ತ ಒಮ್ಮೆ ನೋಡಿದರು, ಮುಚ್ಚಿದೆ. ಒಂದು ಮಾತು ಹೇಳಿ ಹಳಿ ಒರೆಸಿದ್ದರೆ ರೈಲು ಉಳಿಯುತ್ತಿತ್ತು. ಆದರೆ ನಗೆಪಾಟಲು ಅತ್ತೆಯದಾಗುತ್ತಿತ್ತು, ಅದೂ ತಮ್ಮನ ಎದುರು, ಮೊದಲ ಸಲ ಆ ರೈಲಿಗೆ ಕೈ ಮುಗಿದ ದಿನ. ಮಾವ ನಗೆಪಾಟಲನ್ನು ತಾವೇ ತೆಗೆದುಕೊಂಡರು. ನನಗೆ ಅಳು ಬಂತು, ಸಿಟ್ಟೂ ಬಂತು.

ಕೊಟ್ಟೂರೇಶ್ ಹೊರಗೆ ಜಗಲಿಗೆ ಹೋಗಿ ಕೂತ. ಮಾವ ಹಳಿ ಬಿಚ್ಚಲು ಶುರು ಮಾಡಿದರು.

"ಹಬ್ಬದ ದಿನ ಯಾಕ? ನಾಳೆ ತೆಗೀರಿ" ಎಂದರು ಅತ್ತೆ. ದನಿ ಸಣ್ಣಗಾಗಿತ್ತು.

"ಮಾತು ಅಂದ್ರೆ ಮಾತು."

ಒಂದೊಂದು ತುಂಡನ್ನೂ ಒರೆಸದೆ ಪೆಟ್ಟಿಗೆಗೆ ಹಾಕಲು ಅವರ ಕೈ ಕೇಳಲಿಲ್ಲ. ಒಂದು ಒರೆಸಿದರು, ಎರಡು ಒರೆಸಿದರು.

"ಬಟ್ಟಿಗೆ ಏನ್ರಿ ಅದು ಬೆಳ್ಳಗೆ?"

"ಧೂಳು."

ಅತ್ತೆ ಬಟ್ಟೆ ಕಸಿದುಕೊಂಡು ಎರಡು ಬೆರಳಿನಲ್ಲಿ ಉಜ್ಜಿ ನೋಡಿದರು. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವ ಕೈ ಅದು. ಹಲಗೆಯ ಮೇಲಿನ್ನೂ ಉಳಿದಿದ್ದ ಹಳಿಯ ಬಿಳಿ ಸುತ್ತನ್ನು ಕಣ್ಣಿನಲ್ಲೇ ಒಂದು ಸಲ ಸುತ್ತಿದರು.

"ರಶ್ಮಿತಾ, ನೀ ಹೇಳು. ಇದಕ್ಕೇ ನಿಂತಿದ್ದೇನು?"

"ಹೂಂ ಅತ್ತಿ."

"ಅವಳಿಗೇನ್ ಗೊತ್ತು, ಮೋಟರು..." ಎಂದರು ಮಾವ.

"ಸುಮ್ಕಿರ್ರಿ. ಸುಳ್ಳು ಹೇಳಾಕೂ ಬರಲ್ಲ ನಿಮಗೆ."

ಅತ್ತೆ ಆ ಬಟ್ಟೆ ಹಿಡಿದೇ ಜಗಲಿಗೆ ಹೋದರು. ಅಕ್ಕಪಕ್ಕದವರೂ ಇಬ್ಬರು ಬಂದು ಕೂತಿದ್ದರು. ಅವರ ಎದುರಿಗೇ ಹೇಳಿದರು: "ಕೊಟ್ಟೂರೇಶಿ, ಒಳಗ್ ಬಾ. ನಿಮ್ ಭಾವನ ರೈಲು ಕೆಟ್ಟಿಲ್ಲ. ನಾನೇ ಹಳಿಗೆ ವಿಭೂತಿ ಬಳ್ದು ನಿಲ್ಸೀನಿ. ನಗೋದಿದ್ರೆ ನನ್ನ ನೋಡಿ ನಗು."

ಅವನು ನಕ್ಕ, ಸಾಕಷ್ಟು ನಕ್ಕ. ಅತ್ತೆ ನಗಲು ಬಿಟ್ಟರು. ಆಮೇಲೆ ಒಳಗೆ ಬಂದು, ಸೆರಗು ಸಿಕ್ಕಿಸಿ ಹಲಗೆಯ ಮುಂದೆ ಕೂತರು. ಮಾವ ಬಿಚ್ಚಿದ್ದನ್ನು ಜೋಡಿಸಿದರು, ಅತ್ತೆ ಸುತ್ತೂ ಹಳಿ ಒರೆಸಿದರು. ಇಂಜಿನ್ನಿನ ಮೂತಿಗೂ ಬಟ್ಟೆ ತಂದಾಗ ಮಾವ ಕೈ ಅಡ್ಡ ಹಿಡಿದರು.

"ಹಣೇದು ಇರ್ಲಿ. ಹಳೀದು ತೆಗದ್ರೆ ಸಾಕು."

ಗಾಡಿ ಹೊರಟಿತು. ವಿಭೂತಿ ಹಚ್ಚಿಕೊಂಡೇ ಸ್ಟೇಷನ್ ದಾಟಿತು. ಕೊಟ್ಟೂರೇಶನ ಬಾಯಲ್ಲಿ ಮುಂದಿನ ಮಾತು ತಯಾರಿತ್ತು, ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಗಾಡಿ ತಿರುವಿಗೆ ಬಂದಾಗ ಅವನ ಕಣ್ಣು ನೀಲಿ ಬಾಗಿಲಿನ ಮೇಲೆ ಬಿತ್ತು. ಬಗ್ಗಿದ. ಕಟ್ಟೆ ನೋಡಿದ, ಬೇವಿನ ಮರ ನೋಡಿದ.

"ಅಕ್ಕ, ಇದು..."

"ಹೂಂ" ಎಂದರು ಅತ್ತೆ.

ಗಾಡಿ ಒಂದು ಸುತ್ತು ಪೂರ್ತಿ ಮುಗಿಸಿ ಸ್ಟೇಷನ್ನಿಗೆ ಬಂದು ನಿಂತಿತು. ಕೊಟ್ಟೂರೇಶ್ ಬಾಯಲ್ಲಿದ್ದ ಎಲೆ ಅಡಿಕೆ ನುಂಗಿಕೊಂಡು, ಬಗ್ಗಿದವನು ಬಗ್ಗಿದಂತೆಯೇ ಹೇಳಿದ: "ಭಾವಾರೆ, ಇನ್ನೊಂದ್ ಸಲ ಬಿಡ್ರಿ. ನಮ್ಮನಿ ಹತ್ರ ಸ್ವಲ್ಪ ನಿಧಾನಕ್ಕೆ ಹೋಗ್ಲಿ."

ಮಾವ ಗುಂಡಿಗೆ ಕೈ ಹಾಕುವಷ್ಟರಲ್ಲಿ ಅತ್ತೆ ಅವರ ಕೈ ಸರಿಸಿ ತಾವೇ ತಿರುಗಿಸಿದರು. ಗಾಡಿ ಮೆಲ್ಲಗೆ ಸ್ಟೇಷನ್ ಬಿಟ್ಟು ತಿರುವಿಗೆ ಬಂತು. ಬೇಲಿ ಹಿಡಿದು ನಿಂತ ಹುಡುಗಿಯ ಎದುರಿಗೆ ಅತ್ತೆ ಅದನ್ನು ಪೂರ್ತಿ ನಿಲ್ಲಿಸಿಬಿಟ್ಟರು.

"ಅಲ್ಲಿ ಸ್ಟೇಷನ್ ಇಲ್ಲ ಅತ್ತಿ" ಎಂದೆ.

"ಇಲ್ದಿದ್ರೆ ಏನಾತು" ಎಂದರು ಅತ್ತೆ. "ಒಂದು ಗಳಿಗೆ ನಿಲ್ಲಲಿ."

ನಡುವೆ ನಿಂತರೆ ಅಟ್ಟಕ್ಕೆ ಎಂಬ ಮಾತನ್ನು ಯಾರೂ ನೆನಪಿಸಲಿಲ್ಲ.